ಮೀನೆಣ್ಣೆಯಲ್ಲಿ ಇಟ್ಟ ದನಿ

ಕೊಪ್ಪರಿಗೆ ಗೊಳಗೊಳ ಎನ್ನುವುದನ್ನು ಬಿಟ್ಟು ಪಿಸಪಿಸ ಎನ್ನತೊಡಗಿದ್ದೇ ತಡ, ಕಣ್ಣು ಮುಚ್ಚಿ ಕೂತಿದ್ದ ಗಂಗಿ ಕೈ ಚಾಚಿ ಒಲೆಯಿಂದ ಎರಡು ಕೊಳ್ಳಿಗಳನ್ನು ಹೊರಗೆಳೆದಳು. ತಾರ್ಲೆ ಮೀನು ಬೇಯುವಾಗ ಮೊದಲು ನೀರು ಮಾತಾಡುತ್ತದೆ. ನೀರು ದಣಿದ ಮೇಲೆ ಎಣ್ಣೆ ಬಾಯಿ ತೆರೆಯುತ್ತದೆ. ಆ ಎರಡು ದನಿಗಳ ನಡುವೆ ಇರುವುದು ಒಂದು ಉಸಿರಿನಷ್ಟು ಹೊತ್ತು. ಆಗ ಬೆಂಕಿ ತಗ್ಗಿಸಿದರೆ ಹೊಂಬಣ್ಣದ ಎಣ್ಣೆ; ತಡಮಾಡಿದರೆ ಕಪ್ಪು ಗಸಿ. ಬೈತಖೋಲದ ಕೇರಿಯ ಉಳಿದ ಹೆಂಗಸರು ಕೊಪ್ಪರಿಗೆಯೊಳಗೆ ಇಣುಕಿ ನೋಡಿ ತೀರ್ಮಾನಿಸುತ್ತಿದ್ದರು. ಗಂಗಿ ಇಣುಕುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಹೊಗೆ ತಿಂದ ಕಣ್ಣಿಗಿಂತ ಅವಳಿಗೆ ತನ್ನ ಕಿವಿಯ ಮೇಲೆಯೇ ಹೆಚ್ಚು ಭರವಸೆ.

ಆ ಪಿಸಪಿಸದ ಮೇಲೆ ಇನ್ನೊಂದು ದನಿ ಹಾದು ಬಂತು. ಕಡಲ ಕಡೆಯಿಂದ, ಗುಡ್ಡಕ್ಕೆ ಬಡಿದು ತಿರುಗಿ, ಉದ್ದಕ್ಕೆ. ಮಳೆಗಾಲಕ್ಕೆಂದು ಮೇ ತಿಂಗಳ ಕೊನೆಗೆ ನಿಂತಿದ್ದ ಮುಂಬಯಿಯ ಹೊಗೆಹಡಗು, ಆಗಬೋಟು, ನಾಲ್ಕು ತಿಂಗಳ ಮೇಲೆ ಮೊದಲ ಸಲ ಕಾರವಾರದ ಬಂದರಿನಲ್ಲಿ ಕೂಗಿತ್ತು.

ಅಂಗಳದಲ್ಲಿ ಉಪ್ಪುಮೀನು ತಿರುವಿ ಹಾಕುತ್ತಿದ್ದ ತಮ್ಮನ ಹೆಂಡತಿ ಸೋಮಿಯ ಕೈಬಳೆ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು.

"ಅಕ್ಕಾ, ಬೋಟು."

"ಕೇಳ್ತು."

"ಹಾಡೂ ಪೆಟ್ಗೆ ಸ್ಪ್ರಿಂಗು ಅದ್ರಲ್ಲೇ ಬಂದಿರೂದೆ?"

"ಬರ್ದೆ ಎಲ್ಲಿ ಹೋಗ್ತದೆ? ನೀ ಮೊದ್ಲು ಆ ಬೆಕ್ಕಿನ ಓಡ್ಸು, ಮೂರನೇ ಮೀನು ಎತ್ಕಂಡು ಹೊಂಟದೆ."

ಸೋಮಿ ಬೆಕ್ಕನ್ನು ಓಡಿಸಲಿಲ್ಲ. ಬೆಕ್ಕು ಮೀನನ್ನು ಒಯ್ದು ದೋಣಿಯ ನೆರಳಲ್ಲಿ ನಿಶ್ಚಿಂತೆಯಿಂದ ತಿಂದಿತು. ಮಹಾಲಯ ಅಮಾವಾಸ್ಯೆಗೆ ಇನ್ನು ಐದು ದಿನ ಉಳಿದಿತ್ತು.

ಆ ಅಮಾವಾಸ್ಯೆಯ ದಿನ ಸೋಮಿಯ ಗಂಡ ಹೀರಾನಿಗೆ ಕರ್ಮ ಮಾಡುವುದೆಂದು ಕೇರಿಯಲ್ಲಿ ನಿಶ್ಚಯವಾಗಿತ್ತು. ಹೆಣ ಸಿಗದ ಕಡಲಿಗನಿಗೆ ದರ್ಭೆಯಲ್ಲಿ ಮನುಷ್ಯನ ಆಕಾರ ಕಟ್ಟಿ, ಅವನ ಹಳೆಯ ಅಂಗಿ ತೊಡಿಸಿ, ದಡದಲ್ಲಿ ಸುಡುತ್ತಾರೆ. ಆಮೇಲೆ ಹೆಂಡತಿಯ ಬಳೆ ತೆಗೆಯುತ್ತಾರೆ. ತೆಗೆಯುವ ಕೈ ಗಂಡನ ಮನೆಯ ಹಿರಿಯ ಹೆಂಗಸಿನದು. ಹೀರಾನ ಅಕ್ಕ ಗಂಗಿಯೇ ಆ ಮನೆಯ ಹಿರಿಯಳು. ಅವಳಿಗೆ ಇಪ್ಪತ್ತಾಗಿದ್ದಾಗ ಅವಳ ಅತ್ತೆ ಅದೇ ದಡದ ಒಂದು ಕರಿಕಲ್ಲಿನ ಮೇಲೆ ಅವಳ ಎರಡೂ ಕೈ ಇಟ್ಟು ಬಳೆ ಒಡೆದಿದ್ದಳು. ಚೂರು ಹೊಕ್ಕ ಎಡ ಮಣಿಕಟ್ಟಿನಲ್ಲಿ ಈಗಲೂ ಬಿಳಿಯ ಗೆರೆಯಿದೆ. ಕೊಪ್ಪರಿಗೆ ಕೆದಕುವಾಗೆಲ್ಲ ಅದು ಅವಳ ಕಣ್ಣಿಗೆ ಬೀಳುತ್ತಿತ್ತು. ತಾನು ಸೋಮಿಗೆ ಹಾಗೆ ಮಾಡುವುದನ್ನು ನೆನೆದರೆ ಗಂಗಿಯ ಕೈ ತಣ್ಣಗಾಗುತ್ತಿತ್ತು, ಒಲೆಯ ಮುಂದೆ ಕೂತಿದ್ದಾಗಲೂ.

ಅಂಕೋಲೆಯಲ್ಲಿ ಜನ ಕಾಯ್ದೆ ಮುರಿದು ಉಪ್ಪು ಮಾಡಿದ ವರ್ಷದ ಮರುವರ್ಷ ಹೀರಾ ಮನೆ ಬಿಟ್ಟವನು. ಮೀನು ಸೋತಿದ್ದ ವರ್ಷ ಅದು. ಮುಂಬಯಿಗೆ ಹೋಗಿ ಹಡಗಿನಲ್ಲಿ ಖಲಾಸಿಯಾದ. ಊರಲ್ಲಿದ್ದಾಗ ಅವನು ಬಲೆಯ ಕೂಗಾಳಿ. ದೊಡ್ಡ ಬಲೆಯನ್ನು ದಡಕ್ಕೆ ಎಳೆಯುವಾಗ ಎರಡು ಸಾಲು ಜನ ಹಗ್ಗ ಹಿಡಿದು ನಿಲ್ಲುತ್ತಾರೆ. ಒಬ್ಬ ಮುಂದೆ ನಿಂತು ಸಾಲು ಕೂಗುತ್ತಾನೆ, ಉಳಿದವರು 'ಐಸಾ' ಎಂದು ಹಗ್ಗ ಜಗ್ಗುತ್ತಾರೆ. ಆ ಸಾಲುಗಳಿಗೆ ಬಾಯಿಪಾಠವೆಂಬುದಿಲ್ಲ. ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾರ ಕೋಳಿ ಯಾರ ಮನೆಯ ಸಾರಾಯಿತು, ಯಾರು ಹಗ್ಗ ಹಿಡಿದೂ ಎಳೆಯುತ್ತಿಲ್ಲ ಎಲ್ಲವೂ ಆಗಿಂದಾಗ್ಗೆ ಕಟ್ಟಿದ ಸಾಲಾಗಿ ಬರುತ್ತದೆ. ಒಳ್ಳೆಯ ಕೂಗಾಳಿ ಇದ್ದ ಕೇರಿಗೆ ಸುದ್ದಿ ಹೇಳುವವನು ಬೇರೆ ಬೇಡ. ಹೀರಾನ ಬಾಯಿಗೆ ಹೆದರಿ ಜನ ಹಗ್ಗ ಬಲವಾಗಿ ಎಳೆಯುತ್ತಿದ್ದರು.

ಮೂವತ್ತೈದನೆಯ ಇಸವಿಯ ಮಳೆಗಾಲದಲ್ಲಿ ಅವನ ಹಡಗು ಎಲ್ಲೋ ದೂರದ ಕಡಲಲ್ಲಿ ಮುಳುಗಿತೆಂದು ಸುದ್ದಿ ಬಂತು. ಸತ್ತವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಕೇರಿಯ ಹಿರಿಯ ಜಟ್ಟಪ್ಪ ಆಗಲೇ ಕರ್ಮ ಮುಗಿಸೋಣ ಎಂದ. ಗಂಗಿ ಒಪ್ಪಲಿಲ್ಲ. ಒಂದು ವರ್ಷ ಎಂದಳು. ಅದು ಮುಗಿದ ಮೇಲೆ ಇನ್ನೊಂದು ವರ್ಷ. ಜಟ್ಟಪ್ಪ ಕೆಟ್ಟವನಲ್ಲ. ಕರ್ಮವಿಲ್ಲದ ಜೀವ ಅಲೆಯುತ್ತದೆ ಎಂಬ ಹೆದರಿಕೆ ಅವನಿಗೆ, ಅಷ್ಟೆ. "ಅವ್ನಿಗೆ ಎರಡು ಅಗಳು ಅನ್ನ ಇಡೂಕೂ ನೀ ಬಿಡೂದಿಲ್ವಲ್ಲೆ," ಎಂದು ಅವನು ನೊಂದುಕೊಂಡಿದ್ದ.

ಈ ವರ್ಷ ಮೇ ಕೊನೆಯ ಆಗಬೋಟಿನಲ್ಲಿ ಮಾಜಾಳಿಯ ಬಾಬು ಎಂಬ ಖಲಾಸಿ ಬಂದಿಳಿದು, ಗೋಣಿಬಟ್ಟೆಯಲ್ಲಿ ಹೊಲಿದ ಚಪ್ಪಟೆ ಗಂಟೊಂದನ್ನು ಗಂಗಿಯ ಕೈಗಿಟ್ಟ. ಅವನಿಗೆ ಹೀರಾನ ಪರಿಚಯವಿರಲಿಲ್ಲ. ಮುಂಬಯಿಯ ಹಡಗುಕಟ್ಟೆಯಲ್ಲಿ ಯಾವನೋ ಅಡಿಗೆಯವ ಕೊಟ್ಟಿದ್ದ. ಆ ಅಡಿಗೆಯವನಿಗೆ ಇನ್ನು ಯಾರೋ. ಮೇಲೆ 'ಎಣ್ಣೆ ಬೇಯಿಸುವ ಗಂಗಿ, ಬೈತಖೋಲ, ಕಾರವಾರ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಒಳಗೆ ಊಟದ ತಟ್ಟೆಯಷ್ಟು ಅಗಲದ ಎರಡು ಅಲ್ಯೂಮಿನಿಯಂ ತಟ್ಟೆಗಳು, ಮೈತುಂಬ ಕೂದಲೆಳೆಯಂಥ ಗೆರೆಗಳು, ಒಂದು ಕಾಗದ.

ಕಾಗದವನ್ನು ಬಂದರಿನ ಗುಮಾಸ್ತ ಓದಿ ಹೇಳಿದ. ಬರೆದವನು ಲಂಡನ್ನಿನಲ್ಲಿ ರೇಡಿಯೊ ಮಾರುವ ಅಂಗಡಿಯವನು. ಆ ಊರಲ್ಲಿ ಈಗ ಟೆಲಿವಿಷನ್ ಎಂದು ಒಂದು ಬಂದಿದೆ. ಒಂದು ಮನೆಯಲ್ಲಿ ದೀಪ ಹಾಕಿಕೊಂಡು ಹಾಡಿದರೆ ಹತ್ತು ಮೈಲಿ ಆಚೆಯ ಮನೆಯಲ್ಲಿ ಪೆಟ್ಟಿಗೆಯ ಗಾಜಿನ ಮೇಲೆ ಆ ಕ್ಷಣವೇ ಹಾಡುವವರು ಕಾಣುತ್ತಾರೆ, ಕೇಳುತ್ತಾರೆ. ಕಂಡದ್ದು ಆಗಲೇ ಅಳಿಸಿ ಹೋಗುತ್ತದೆ, ಹಿಡಿದಿಡಲು ಬರುವುದಿಲ್ಲ. ಅಂಗಡಿಯವನು ದನಿಯನ್ನಾದರೂ ಉಳಿಸೋಣವೆಂದು ತನ್ನ ಯಂತ್ರದಿಂದ ಈ ತಟ್ಟೆಗಳ ಮೇಲೆ ಕೊರೆದಿದ್ದ. 'ಹಿಂದುಸ್ತಾನದ ಐವರು ಖಲಾಸಿಗಳ ಕೆಲಸದ ಹಾಡು, ಫೆಬ್ರವರಿ ೧೯೩೭. ಆಮೇಲೆ ನನ್ನ ಅಂಗಡಿಗೆ ಬಂದ ಅವರಲ್ಲೊಬ್ಬ ಕೇಳಿಕೊಂಡದ್ದರಿಂದ ಕಳಿಸುತ್ತಿದ್ದೇನೆ. ಉಕ್ಕಿನ ಸೂಜಿ ಹಾಕಬೇಡಿ, ತಟ್ಟೆ ಕೆರೆದುಹೋಗುತ್ತದೆ. ಮುಳ್ಳು ಹಾಕಿ.' ಹೆಸರುಗಳಿರಲಿಲ್ಲ.

ಗಂಗಿ ಕೇಳಿದ್ದು ಒಂದೇ ಮಾತು.

"ಹಂಗಾರೆ ಅಂವ ಹಾಡೂದನ್ನ ಯಾರೋ ಕಂಡವ್ರೆ?"

"ಅಂವನೇ ಆಗಿದ್ರೆ, ಕಂಡಿರ್ತರು ಬಾಯಿ," ಎಂದ ಗುಮಾಸ್ತ.

ಹಡಗು ಮುಳುಗಿದ್ದು ಮೂವತ್ತೈದರಲ್ಲಿ, ಹಾಡಿದ್ದು ಮೂವತ್ತೇಳರಲ್ಲಿ. ಹಾಡಿದವನು ಹೀರಾನೇ ಆದರೆ ಸೋಮಿಯ ಬಳೆ ಉಳಿಯಿತು. ಆದರೆ ಜಟ್ಟಪ್ಪ ತಲೆಯಾಡಿಸಿದ. "ಸತ್ತವ್ನ ಗೆಳೆಯ ಯಾರೋ ಗುರ್ತಿಗೆ ಅಂತ ಕಳ್ಸಿರೂಕೂ ಸಾಕು. ಅಂವ ಇದ್ದಿದ್ರೆ ಇಷ್ಟು ದಿನ ಒಂದು ಕಾಗ್ದ ಬರ್ಸೂಕೆ ಆಗ್ತಿರ್ಲಿಲ್ವ? ದನಿ ಕೇಳ್ಸು, ಒಪ್ತೆ."

ಕೇಳಿಸುವುದು ಹೇಗೆ? ಗಂಗಿಗೆ ಗೊತ್ತಿದ್ದ ಒಂದೇ ಗ್ರಾಮೊಫೋನು ಅಂಕೋಲೆಯಲ್ಲಿ ಚಾ ಅಂಗಡಿ ಇಟ್ಟಿದ್ದ ಬೊಮ್ಮಯ್ಯನದು. ಅದರ ಸ್ಪ್ರಿಂಗು ಅದೇ ವಾರ ಮುರಿದು, ಬಾಬುವನ್ನು ಇಳಿಸಿದ ಆಗಬೋಟಿನಲ್ಲೇ ರಿಪೇರಿಗೆ ಮುಂಬಯಿಗೆ ಹೋಗಿಬಿಟ್ಟಿತ್ತು. ಬರುವುದು ಮಳೆಗಾಲ ಮುಗಿದು ಬೋಟು ಶುರುವಾದ ಮೇಲೆ. ಜಟ್ಟಪ್ಪ ಮಹಾಲಯದ ತನಕ ಗಡುವು ಕೊಟ್ಟ.

ಎರಡೂ ತಟ್ಟೆಗಳನ್ನು ತನ್ನ ಬಳಿ ಇಟ್ಟುಹೋಗು ಎಂದಿದ್ದ ಬೊಮ್ಮಯ್ಯ. ಅವನ ಅಂಗಡಿಯಲ್ಲಿ ಗಾಜಿನ ಕಪಾಟಿತ್ತು, ತಟ್ಟೆಗೆ ಹಾಕಲು ಕಾಗದದ ಚೀಲವಿತ್ತು, ತಿಳಿವಳಿಕೆಯಿತ್ತು. ಗಂಗಿ ಒಂದನ್ನು ಕೊಟ್ಟಳು. ಎರಡನೆಯದನ್ನು ಕೊಡಲು ಅವಳಿಗೆ ಕೈ ಬರಲಿಲ್ಲ. ಮನೆಗೆ ತಂದು ಅದಕ್ಕೇನು ಮಾಡಿದಳೆಂದರೆ, ಮಳೆಗಾಲಕ್ಕೆ ಮುಂಚೆ ಆ ಕೇರಿಯಲ್ಲಿ ಪ್ರತಿಯೊಂದಕ್ಕೂ ಏನು ಮಾಡುತ್ತಾರೋ ಅದನ್ನೇ. ದೋಣಿಯ ಹಲಗೆಗೆ, ಲಂಗರಿಗೆ, ಗಾಳಕ್ಕೆ, ಕತ್ತಿಗೆ, ಬಾಗಿಲ ಚಿಲಕಕ್ಕೆ ಹಚ್ಚುವ ತಾರ್ಲೆ ಎಣ್ಣೆಯನ್ನು ಬೆರಳಿಂದ ತಟ್ಟೆಯ ಎರಡೂ ಮೈಗೆ ದಪ್ಪಗೆ ಬಳಿದಳು. ಅಡಿಕೆ ಹಾಳೆಯಲ್ಲಿ ಸುತ್ತಿದಳು. ಒಲೆಯ ಮೇಲಿನ ಅಟ್ಟದಲ್ಲಿ, ಬೀಜದ ಸೌತೆಕಾಯಿಗಳ ಪಕ್ಕ ತೂಗುಹಾಕಿದಳು. ಪ್ರತಿ ಅಮಾವಾಸ್ಯೆಗೆ ಇಳಿಸಿ ಇನ್ನೊಂದು ಪದರ ಹಚ್ಚಿದಳು.

ಹಬ್ಬದ ಸಾಮಾನಿಗೆ ಕಾರವಾರಕ್ಕೆ ಬಂದ ಬೊಮ್ಮಯ್ಯನ ಕಿವಿಗೆ ಈ ಸಂಗತಿ ಬಿದ್ದಾಗ ಅವನು ಹಣೆ ಬಡಿದುಕೊಂಡಿದ್ದ. "ಮೀನೆಣ್ಣೆ! ಅಯ್ಯೋ ಹುಚ್ಚಿ, ಅದು ದನಿ ಕೊರೆದ ತಟ್ಟೆ ಕಣೆ, ದೋಣಿ ಅಲ್ಲ. ಗೆರೆ ಎಲ್ಲಾ ಮುಚ್ಚಿ ಹೋಯ್ತು. ನಂದಾದ್ರೂ ಒಂದು ಉಳೀತು, ಪುಣ್ಯ."

ಅಂದಿನಿಂದ ಗಂಗಿಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ. ತಮ್ಮನ ಜೀವಕ್ಕೆ ಇದ್ದ ಒಂದೇ ಸಾಕ್ಷಿಯ ಅರ್ಧವನ್ನು ತನ್ನ ಕೈಯಾರೆ ಮುಚ್ಚಿಬಿಟ್ಟೆನೋ ಎಂದು ಅಟ್ಟ ನೋಡುತ್ತ ಮಲಗುತ್ತಿದ್ದಳು. ಆದರೆ ಎಣ್ಣೆ ತೆಗೆದುಹಾಕಲೂ ಅವಳಿಗೆ ಧೈರ್ಯವಾಗಲಿಲ್ಲ. ಮಳೆ ಹೊಡೆಯುತ್ತಿತ್ತು, ಗೋಡೆ ಮುಟ್ಟಿದರೆ ಕೈಗೆ ಉಪ್ಪು ಹತ್ತುತ್ತಿತ್ತು.

ಇಂದು ಆಗಬೋಟು ಕೂಗಿತ್ತು. ಗಂಗಿ ಎಣ್ಣೆಯನ್ನು ಬಸಿದು, ಕೊಪ್ಪರಿಗೆಯನ್ನು ಸೋಮಿಗೆ ಒಪ್ಪಿಸಿ, ಬಂದರಿಗೆ ಹೋಗಿ ಬೊಮ್ಮಯ್ಯನ ಹೆಸರಿನ ಪಾರ್ಸೆಲ್ಲನ್ನು ಇಸಿದುಕೊಂಡಳು. ಮರುದಿನ ಬೆಳಗಿನ ಜಾವದ ನೆಲಗಾಳಿಗೆ ಜಟ್ಟಪ್ಪನ ದೋಣಿ ಹೊರಟಿತು. ಅವನೇ ಚುಕ್ಕಾಣಿ ಹಿಡಿದಿದ್ದ.

"ಸೋಮಿ ಬರೂದಿಲ್ವ?"

"ಬರೂದಿಲ್ಲ ಅಂದ್ಳು. ಅಲ್ಲಾ ಅಂತ ಆದ್ರೆ ಜನರ ಮುಂದೆ ಕೇಳೂಕಾಗೂದಿಲ್ಲ ಅಂದ್ಳು."

ಜಟ್ಟಪ್ಪ ಹಗ್ಗ ಸಡಿಲಿಸಿದ. ಎಡಗಡೆ ತೋಡೂರಿನ ದಿಬ್ಬ ಸರಿದುಹೋಯಿತು. ಆ ಊರ ತೋಟಗಳಿಗೆ ಗಂಗಿ ಪ್ರತಿವರ್ಷ ಎಣ್ಣೆ ತೆಗೆದ ಮೀನಿನ ಹಿಂಡಿಯನ್ನು ತೆಂಗಿನ ಗೊಬ್ಬರಕ್ಕೆಂದು ಹೊರುತ್ತಿದ್ದಳು. ಈ ಸಲ ಬರುವಾಗ ಅಲ್ಲಿನ ಬೇಲಿಯಿಂದ ಕಾರೆಮುಳ್ಳು ಮುರಿದುಕೊಂಡು ಬಂದಿದ್ದಳು, ಬೆರಳುದ್ದದ್ದು, ಒಂದು ಕರಟದ ತುಂಬ. ಅವೂ ಮಳೆಗಾಲವೆಲ್ಲ ಅಟ್ಟದ ಹೊಗೆಯಲ್ಲಿ ಒಣಗಿ ಕೊಂಬಿನಂತೆ ಗಟ್ಟಿಯಾಗಿದ್ದವು. ಅವರ್ಸಾದ ತೆಂಗಿನ ಸಾಲು ದಾಟುವಾಗ ಬಿಸಿಲು ಏರಿತ್ತು. ಕೇಣಿಯ ದಡದಲ್ಲಿ ಇಳಿದು ಅವರಿಬ್ಬರೂ ಗದ್ದೆಯ ಬದುವಿನ ಮೇಲೆ ಅಂಕೋಲೆಗೆ ನಡೆದರು. ಗಂಗಿಯ ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಹಾಳೆಯ ಗಂಟು, ಒಂದು ಶೀಸೆ ಹೊಸ ಎಣ್ಣೆ, ಮುಳ್ಳಿನ ಕರಟ, ಸ್ಪ್ರಿಂಗಿನ ಪಾರ್ಸೆಲ್ಲು.

"ಶೀಸೆ ಎಂತಕ್ಕೆ?" ಎಂದ ಜಟ್ಟಪ್ಪ.

"ಇರ್ಲಿ. ಖಾಲಿ ಕೈಲಿ ಹೋಗೂದೆ?"

ಬೊಮ್ಮಯ್ಯ ಸ್ಪ್ರಿಂಗು ಕೂಡಿಸುವ ಹೊತ್ತಿಗೆ ಅಂಗಡಿಯಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ಗ್ರಾಮೊಫೋನು ನಾಲ್ಕು ತಿಂಗಳಿಂದ ಮೂಕವಾಗಿತ್ತಲ್ಲ. ಅವನು ಕೈ ತೊಳೆದು, ಗಾಜಿನ ಕಪಾಟಿನ ಬೀಗ ತೆಗೆದು, ಕಾಗದದ ಚೀಲವನ್ನು ಎರಡೂ ಕೈಯಲ್ಲಿ ಹೊರಗೆ ತಂದ.

"ನೋಡ್ಕಾ. ಇಡೂದಂದ್ರೆ ಹಿಂಗೆ. ಮುಂಬಯಿಯಾಗೂ ಹಿಂಗೆ ಇಡೂದಿಲ್ಲ."

ಚೀಲದಿಂದ ತಟ್ಟೆ ಹೊರಬಂತು. ಬೊಮ್ಮಯ್ಯನ ಬಾಯಿ ನಿಂತಿತು. ತಟ್ಟೆಯ ಮೈಯೆಲ್ಲ ಸುಣ್ಣದ ಸಿಬ್ಬು ಎದ್ದಿತ್ತು. ಬೆರಳಿಟ್ಟರೆ ಬಿಳಿಯ ಹುಡಿ. ಹುಡಿಯ ಅಡಿಯಲ್ಲಿ ಸೂಜಿಮೊನೆಯಂಥ ತೂತುಗಳು. ಕಪಾಟಿನ ಗಾಜು ಧೂಳನ್ನು ತಡೆದಿತ್ತು, ಕಡಲ ಗಾಳಿಯನ್ನು ತಡೆದಿರಲಿಲ್ಲ. ಚೀಲದ ಕಾಗದ ಆ ಉಪ್ಪುತೇವವನ್ನೆಲ್ಲ ಹೀರಿ ತಟ್ಟೆಗೆ ಒತ್ತಿಹಿಡಿದಿತ್ತು.

ಆದರೂ ಹಾಕಿದ. ಮುಳ್ಳನ್ನು ಕತ್ತರಿಸಿ ಸೂಜಿಯ ಜಾಗದಲ್ಲಿ ಕೂರಿಸಿ ತಟ್ಟೆಯ ಮೇಲೆ ಇಳಿಸಿದ. ಹಂಚಿನ ಮೇಲೆ ಆಷಾಢದ ಮಳೆ ಸುರಿದಂತೆ ಒಂದೇ ಸದ್ದು. ನಡುವೆ ಎಲ್ಲೋ ಯಾರೋ ಕೆಮ್ಮಿದ ಹಾಗೆ, ಬೇರೆ ಭಾಷೆಯ ಅರ್ಧ ಮಾತಿನ ಹಾಗೆ. ಆಮೇಲೆ ಮತ್ತೆ ಮಳೆ. ತಟ್ಟೆ ಮುಗಿಯಿತು.

ಬೊಮ್ಮಯ್ಯನ ಮುಖ ನೋಡಲಾರದೆ ಗಂಗಿಯೇ ಹೇಳಿದಳು.

"ಉಪ್ಪುಗಾಳಿ ಮಾಡಿದ ಕೆಲ್ಸ. ನೀ ಎಂತಾ ಮಾಡ್ತೆ ಅದ್ಕೆ."

"ಇನ್ನೊಂದು ತೆಗಿ," ಎಂದ ಜಟ್ಟಪ್ಪ ಮೆಲ್ಲಗೆ.

ಗಂಗಿ ಹಾಳೆ ಬಿಚ್ಚಿದಳು. ನಾಲ್ಕು ತಿಂಗಳ ತಾರ್ಲೆ ಎಣ್ಣೆಯ ವಾಸನೆ ಅಂಗಡಿಯನ್ನು ತುಂಬಿತು. ಮುಂದಿನ ಬೆಂಚಿನವರು ಚಾ ಲೋಟ ಹಿಡಿದುಕೊಂಡೇ ಬೀದಿಗಿಳಿದರು. "ಇದ್ಯಾವ ತಿಮಿಂಗಿಲ ಸತ್ತದೆ ಮಾರಾಯಾ," ಎಂದು ಹೊರಗಿಂದ ಒಬ್ಬ ಕೂಗಿದ. ತಟ್ಟೆ ಬೆಲ್ಲದ ಪಾಕ ಹೊಯ್ದು ಒಣಗಿಸಿದಂತೆ ಕಂದಾಗಿ, ಅಂಟಾಗಿ ಇತ್ತು. ಒಂದು ಗೆರೆಯೂ ಕಾಣುತ್ತಿರಲಿಲ್ಲ.

ಬೊಮ್ಮಯ್ಯ ಒಳಗಿಂದ ಅಂಟುವಾಳದ ನೊರೆ, ತೆಂಗಿನ ನಾರು ತಂದ. "ತಿಕ್ಕಿ ನೋಡ್ವ. ಎಂತಾದ್ರೂ ಉಳ್ದಿದ್ರೆ..."

ಗಂಗಿ ಅವನ ಮಣಿಕಟ್ಟು ಹಿಡಿದಳು.

"ನಾರು ಮುಟ್ಸಬೇಡ. ನೀ ಚಾ ಮಾಡು. ಎಣ್ಣೆ ಕೆಲ್ಸ ನಂದು."

ದೋಣಿಯ ಹಲಗೆಯ ಮೇಲೆ ಒಣಗಿ ಗಟ್ಟಿಯಾದ ಹಳೆಯ ಎಣ್ಣೆಯನ್ನು ಕೆರೆದರೆ ಮರ ಕಿತ್ತುಬರುತ್ತದೆ. ಬಿಸಿಯ ಹೊಸ ಎಣ್ಣೆ ಹಚ್ಚಿ ಕಾದರೆ ಹಳೆಯದು ತಾನೇ ಮೆತ್ತಗಾಗಿ ಬಿಡುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಇಪ್ಪತ್ತೆರಡು ವರ್ಷ ಕೈ ಹೇಳಿಕೊಟ್ಟದ್ದು. ಶೀಸೆಯ ಎಣ್ಣೆಯನ್ನು ಚಾದ ಒಲೆಯ ಮೇಲೆ ಉಗುರುಬೆಚ್ಚಗೆ ಮಾಡಿದಳು. ತಟ್ಟೆಯ ಮೇಲೆ ಹನಿಹನಿಯಾಗಿ ಬಿಟ್ಟಳು. ಕಾದಳು. ಸೆರಗಿನ ತುದಿಯ ಸವೆದ ಬಟ್ಟೆಯನ್ನು ಹರಿದು, ಗೆರೆ ಹೋದ ದಿಕ್ಕಿಗೇ, ಸುತ್ತಸುತ್ತಲೇ ಒರೆಸತೊಡಗಿದಳು. ಮೊದಲ ಬಟ್ಟೆ ಕಂದಾಯಿತು. ಎರಡನೆಯದು ಹಳದಿಯಾಯಿತು. ಮೂರನೆಯದನ್ನು ಎತ್ತಿದಾಗ ಕೆಳಗಿಂದ ಬಲೆಯಿಂದ ಆಗತಾನೆ ತೆಗೆದ ಮೀನಿನ ಹೊಟ್ಟೆಯಂತೆ ಲೋಹ ಹೊಳೆಯಿತು. ಗೆರೆಗಳು ಇದ್ದವು. ಒಂದರ ಪಕ್ಕ ಒಂದು, ಕೂದಲು ಬಾಚಿದಂತೆ, ಎಲ್ಲವೂ.

ಬೊಮ್ಮಯ್ಯ ಕನ್ನಡಕ ಏರಿಸಿ ಬಗ್ಗಿ ನೋಡಿದ. "ಒಂದು ಕಲೆ ಇಲ್ಲ," ಎಂದ. ಇನ್ನೊಮ್ಮೆ ನೋಡಿದ. "ಒಂದೂ ಇಲ್ಲ ಕಣೋ ಜಟ್ಟಪ್ಪಾ."

ಗಂಗಿಗೆ ಆಗ ಒಂದು ಹೆದರಿಕೆ ಇಳಿದು ಇನ್ನೊಂದು ಏರಿತು. ಇಷ್ಟು ಹೊತ್ತು ದನಿ ಉಳಿದಿದೆಯೋ ಎಂದು ಹೆದರಿದ್ದಳು. ಈಗ ಅದು ಯಾರ ದನಿಯೋ ಎಂದು. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು, ಕೊಪ್ಪರಿಗೆಯ ಮುಂದೆ ಕೂತಾಗ ಮಾಡುವಂತೆ.

ಹೊಸ ಮುಳ್ಳು ಇಳಿಯಿತು. ಸ್ವಲ್ಪ ಸರಸರ. ಬಳಿಕ ದೂರದಲ್ಲಿ ಒಬ್ಬ ಬಿಳಿಯನ ಮಾತು, ನಯವಾದದ್ದು, ಏನೋ ತಿಳಿಯಲಿಲ್ಲ. ಅವನು ನಿಲ್ಲಿಸಿದ. ಒಂದು ಕ್ಷಣ ಏನೂ ಇಲ್ಲ. ಅಲ್ಲಿ ಯಾರೋ ಮೂಗಿನಿಂದ ಉಸಿರೆಳೆದುಕೊಂಡರು; ಕೊನೆಯಲ್ಲಿ ನಾಲಿಗೆ ಅಂಗುಳಕ್ಕೆ ತಾಗಿ ಟಕ್ಕೆಂದಿತು.

ಗಂಗಿಗೆ ಅಷ್ಟೇ ಸಾಕಾಯಿತು. ಹಾಡು ಇನ್ನೂ ಶುರುವಾಗಿರಲಿಲ್ಲ. ಮಗುವಾಗಿದ್ದಾಗ ಅವಳು ಬೆನ್ನಿಗೆ ಕಟ್ಟಿಕೊಂಡು ಮೀನು ಆರಿಸುತ್ತಿದ್ದ ತಮ್ಮ, ಅಳುವ ಮೊದಲು ಹಾಗೆಯೇ ಉಸಿರೆಳೆಯುತ್ತಿದ್ದ. ಅವಳು ಗೋಡೆಗುಂಟ ಜಾರಿ ನೆಲದ ಮೇಲೆ ಕೂತಳು.

ಎಳಿರೋ ತಮ್ಮಾ — ಐಸಾ
ಗಾಜಿನ್ ಮುಂದೆ — ಐಸಾ
ಬಲೆಯೇ ಇಲ್ಲಾ — ಐಸಾ
ಹಗ್ಗಾ ಎಳಿರೋ — ಐಸಾ

'ಐಸಾ' ಎನ್ನುವವರಿಗೆ ಆ ಹಾಡು ಗೊತ್ತಿಲ್ಲವೆಂಬುದು ಕೇಳಿದವರಿಗೆಲ್ಲ ಗೊತ್ತಾಗುತ್ತಿತ್ತು. ಅವರು ಬೇರೆ ಬೇರೆ ಊರಿನ ಖಲಾಸಿಗಳಿರಬೇಕು, ಒಬ್ಬ ಮುಂದಾಗಿ ಒಬ್ಬ ಹಿಂದಾಗಿ ಹೇಳುತ್ತಿದ್ದರು. ಅಂಗಡಿಯ ಬಾಗಿಲಲ್ಲಿ ನಗು ಹೊರಟಿತು. ಹಾಡು ಮುಂದುವರಿಯಿತು.

ಹಡಗಾ ಹೋಯ್ತೋ — ಐಸಾ
ಹೀರಾ ಉಳ್ದಾ — ಐಸಾ
ಜ್ವರಾ ಬಂದು — ಐಸಾ
ದಡದಲ್ ಮಲಗಿದ್ದೆ — ಐಸಾ
ಬರ್ಸಿದ ಕಾಗ್ದಾ — ಐಸಾ
ಸೇರ್ತೋ ಇಲ್ವೋ — ಐಸಾ
ಗಂಗಕ್ಕಾ ಕೇಳೇ — ಐಸಾ
ಸೋಮಿಗೆ ಹೇಳೇ — ಐಸಾ
ಬಳೆಯಾ ಇರ್ಲೀ — ಐಸಾ
ಬರೂ ವರ್ಷದ್ ಬೇಸ್ಗೆ — ಐಸಾ
ಊರಿಗೆ ಬತ್ತೇ — ಐಸಾ

ನಗು ನಿಂತಿತ್ತು. ಲಂಡನ್ನಿನ ಆ ಮನೆಯಲ್ಲಿ ಅವನಿಗೆ ಹಾಡಲಷ್ಟೇ ಹೇಳಿದ್ದರು. ಅವನ ಮಾತು ತಿಳಿಯುವವರು ಅಲ್ಲಿ ಒಬ್ಬರೂ ಇರಲಿಲ್ಲ. ಹಾಡು ಆಗಿಂದಾಗ್ಗೆ ಗಾಳಿಯಲ್ಲಿ ಹೋಗುತ್ತಿತ್ತು, ಹಿಂದಕ್ಕೆ ಕರೆಯಲು ಬರುತ್ತಿರಲಿಲ್ಲ. ಹಾಗಾಗಿ ಅವನು ದಡದ ಮೇಲೆ ನಿಂತಿದ್ದರೆ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ್ದ: ಸುದ್ದಿ ಹೇಳಿದ್ದ. ಗಾಜಿನ ಮುಂದೆ ಕೂತ ಬಿಳಿಯ ಸಾಹೇಬರೂ ಮಡದಿಯರೂ ಬೈತಖೋಲದ ಒಂದು ಮನೆಯ ಸಮಾಚಾರವನ್ನು ತಲೆದೂಗಿ ಕೇಳಿದ್ದರು. ತಟ್ಟೆಯ ಕೊನೆಯ ಗೆರೆಗಳ ಮೇಲೆ ಮುಳ್ಳು ಓಡುತ್ತಿತ್ತು.

ಜಟ್ಟಪ್ಪಾ ಇದ್ನಾ — ಐಸಾ
ಹಗ್ಗಾ ಹಿಡೀತಾ — ಐಸಾ
ಕೈಯಾ ಹಿಂದೇ — ಐಸಾ
ಬಾಯೇ ಮುಂದೇ — ಐಸಾ

ತಟ್ಟೆ ನಿಂತಿತು. ಎಲ್ಲರೂ ಜಟ್ಟಪ್ಪನ ಕಡೆ ತಿರುಗಿದರು. ಅವನು ಮುಂಡಾಸು ತೆಗೆದು ಮುಖ ಒರೆಸಿಕೊಂಡ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ಅಂವನೇ," ಎಂದ. "ಆ ಬೇಕೂಫನೇ. ಇಷ್ಟು ದೂರ ಹೋದ್ರೂ ನನ್ನ ಬಿಡ್ಲಿಲ್ಲ ನೋಡು."

"ಹಂಗಾರೆ ದರ್ಭೆ ಎಂತಾ ಮಾಡ್ತೆ ಜಟ್ಟಪ್ಪಣ್ಣಾ?" ಎಂದಳು ಗಂಗಿ, ಕೂತಲ್ಲಿಂದಲೇ.

"ದನಕ್ಕೆ ಹಾಕ್ತೆ. ಕರ್ಮ ಅಂತೆ ಕರ್ಮ. ಬೇಸ್ಗೆಗೆ ಬರ್ಲಿ, ಬಂದವ್ನಿಗೆ ದಡದಲ್ಲೇ ನಾಕು ಬಿಗೀತೆ. ಬೊಮ್ಮಯ್ಯಾ, ಇನ್ನೊಂದ್ಸಲ ಹಾಕೋ. ನಂದೊಂದು ಸಾಲು ಕೇಳ್ವ."

"ಹಾಕೂದಿಲ್ಲ," ಎಂದ ಬೊಮ್ಮಯ್ಯ. ಮುಳ್ಳಿನ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. "ಪ್ರತಿ ಸಲ ಒಂದೊಂಚೂರು ಸವೀತದೆ ಇದು. ಕೇಳಬೇಕಾದವ್ಳು ಇನ್ನೂ ಕೇಳ್ಳಿಲ್ಲ. ಅವ್ಳಿಗೆ ಉಳೀಲಿ."

ಗಂಗಿಗೆ ನಗು ಬಂತೋ ಅಳು ಬಂತೋ, ಅವಳು ಅದನ್ನು ವಿಚಾರಿಸಲು ಹೋಗಲಿಲ್ಲ. ಎದೆಯ ಮೇಲೆ ಎರಡು ವರ್ಷದಿಂದ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಬದಿಗಿಟ್ಟಂತೆ ಉಸಿರು ಕೆಳಗಿನ ತನಕ ಹೋಗಿಬಂತು. ಅಂಗಡಿಯ ಚಾದ ಪರಿಮಳ ಈಗಷ್ಟೇ ಅವಳ ಮೂಗಿಗೆ ತಾಗಿತು. ಹಸಿವಾಯಿತು. ಎಡಗೈಯ ಬಿಳಿಯ ಗೆರೆಯನ್ನು ಒಮ್ಮೆ ಹೆಬ್ಬೆರಳಿಂದ ಸವರಿ, ಕೈ ಕೆಳಗಿಟ್ಟಳು.

"ಒಂದು ಚಾ ಕೊಡು ಬೊಮ್ಮಯ್ಯಾ. ಸಕ್ರೆ ಹಾಕು."

ಅವಳು ಕುಡಿದಳು. ಬೀದಿಗಿಳಿದಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದರು. ವಾಸನೆಯ ಮಾತನ್ನು ಯಾರೂ ಎತ್ತಲಿಲ್ಲ. ಗಂಗಿ ಲೋಟ ಕೆಳಗಿಟ್ಟು, ಶೀಸೆಯಲ್ಲಿ ಉಳಿದ ಎಣ್ಣೆಯನ್ನು ಬೆರಳಿಗೆ ತೆಗೆದುಕೊಂಡು, ತಟ್ಟೆಗೆ ಮತ್ತೆ ತೆಳುವಾಗಿ ಒಂದು ಕೈ ಹಚ್ಚಿದಳು. ಹಾಳೆಯಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿದಳು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಕಾರವಾರಕ್ಕೆ ಹೋಗುವ ಮಧ್ಯಾಹ್ನದ ಮೋಟಾರು ಹಾರ್ನ್ ಹೊಡೆಯಿತು. ಎಣ್ಣೆಯ ಗಡಿಗೆಗಳಿದ್ದರೆ ಅದರ ಕ್ಲೀನರು ಅವಳನ್ನು ಹತ್ತಿಸುತ್ತಿರಲಿಲ್ಲ. ಇಂದು ಗಡಿಗೆ ಇರಲಿಲ್ಲ. ದೋಣಿಗೆ ಕಾದರೆ ಗಾಳಿ ತಿರುಗಿ ಮನೆ ಸೇರುವುದು ನಾಳೆ. ಮೋಟಾರಾದರೆ ಸೋಮಿ ದೀಪ ಹಚ್ಚುವ ಮೊದಲು.

"ಪೆಟ್ಗೆ ಹೊತ್ಕಂಡು ನಾಳೆ ಬೈತಖೋಲಕ್ಕೆ ಬಾ," ಎಂದಳು ಬೊಮ್ಮಯ್ಯನಿಗೆ, ಬುಟ್ಟಿ ಎತ್ತುತ್ತ. "ಜಟ್ಟಪ್ಪಣ್ಣನ ದೋಣೀಲೇ ಬಾ. ಊಟ ನಮ್ಮಲ್ಲಿ."

"ಬತ್ತೆ, ಬತ್ತೆ. ಆದ್ರೆ ಗಂಗೀ, ಇದ್ನ ಇಡೂದು ಹೆಂಗೆ ಅಂತ ಒಂದ್ಸಲ ಸಮಾ ಹೇಳಿ ಹೋಗು," ಎಂದು ಬೊಮ್ಮಯ್ಯ ಅವಳ ಹಿಂದೆಯೇ ಬಾಗಿಲ ತನಕ ಬಂದ. "ನನ್ನ ಕಪಾಟಿನಲ್ಲಿ ಇನ್ನೂ ಹದಿನೆಂಟು ಪ್ಲೇಟು ಅದೆ. ಅವೆಲ್ಲ ಅರಗಿನವು, ಅವ್ಕೆ ಎಣ್ಣೆ ನಡೀತದೋ ಇಲ್ವೋ? ಆ ಹಾಳಾದ ತಟ್ಟೆಗೂ ಈಗ ಹಚ್ಚಿದ್ರೆ, ಆ ಕೆಮ್ಮಿದ್ದಾದ್ರೂ ಉಳೀಬಹುದಲ್ಲೆ? ಅಮಾಸೆಗೊಂದ್ಸಲವೋ, ಹದ್ನೈದು ದಿನಕ್ಕೊಂದ್ಸಲವೋ? ಮತ್ತೆ ಹಾಳೆ ಒಳಗಿನ ಮೈ ಮೇಲೆ ಬರೂದೋ, ಹೊರಗಿನ..."

ಗಂಗಿ ಆಗಲೇ ರಸ್ತೆ ದಾಟಿದ್ದಳು. ಹಾಳೆಯ ಗಂಟನ್ನು ಮಗುವನ್ನು ಹಿಡಿದಂತೆ ಕಂಕುಳಲ್ಲಿ ಹಿಡಿದು, ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡು, ಮೋಟಾರಿನ ಕಡೆಗೆ ಉದ್ದುದ್ದ ಹೆಜ್ಜೆ ಹಾಕುತ್ತಿದ್ದಳು.